ಪೀಪಾಯಿಗೆ ಒಂಬತ್ತು ಗ್ಲಾಸ್ ಕಡಿಮೆ

ಮೂಲೆಯ ಪಬ್ಬಿನಲ್ಲಿ ಅಕ್ಕ ಅಂದರೆ ಒಬ್ಬಳೇ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ಮುಂದೆ ನಿಂತು ಬಿಯರ್ ಹಿಡಿದು ಕೊಡುವುದು ಅವಳ ಕೆಲಸ, ಹಿಂದಿನ ಅಡುಗೆಮನೆ ಗಂಡನದು. ಗಂಡ ಮಾತಾಡುವುದು ಕಡಿಮೆ. ಅವನ ಪಾಲಿನದನ್ನೂ ಸೇರಿಸಿ ಅಕ್ಕನೇ ಮಾತಾಡುತ್ತಿದ್ದಳು.

ಅಕ್ಕನಿಗೆ ಒಂದೇ ಒಂದು ಜಂಬ. ತನ್ನ ನಲ್ಲಿ ಗಿರಾಕಿಯ ಎದುರಿಗೆ ಎಂದೂ ಬುಸುಗುಟ್ಟಿದ್ದಿಲ್ಲ ಅನ್ನುವುದು. ನೆಲಮಾಳಿಗೆಯ ಪೀಪಾಯಿಯಿಂದ ಬಿಯರ್ ಕೊಳವೆಯಲ್ಲಿ ಮೇಲೆ ಬರುತ್ತದೆ. ಪೀಪಾಯಿ ಬರಿದಾದರೆ ನಲ್ಲಿ ಬುಸ್ಸೆಂದು ನೊರೆ ಉಗುಳುತ್ತದೆ, ಗಿರಾಕಿಯ ಅಂಗಿ ಒದ್ದೆ. ಅಕ್ಕ ಅದಕ್ಕೆ ಅವಕಾಶವನ್ನೇ ಕೊಡುತ್ತಿರಲಿಲ್ಲ. ಐವತ್ತು ಲೀಟರಿನ ಪೀಪಾಯಿ, ಅರ್ಧ ಲೀಟರಿನ ಗ್ಲಾಸ್, ಹಾಗಾದರೆ ನೂರು. ನೊರೆಗೆ, ಕೊಳವೆಗೆ, ಕೈತಪ್ಪಿ ಚೆಲ್ಲಿದ್ದಕ್ಕೆ ಅಂತ ನಾಲ್ಕು ತೆಗೆದರೆ ತೊಂಬತ್ತಾರು. ಹೊರಗೆ ನಗುತ್ತಾ, ರೇಗಿಸುತ್ತಾ, ಜಗಳ ಬಿಡಿಸುತ್ತಾ ಇದ್ದರೂ ತಲೆಯೊಳಗೆ ಇನ್ನೊಬ್ಬಳು ಅಕ್ಕ ಕೂತು ಎಣಿಸುತ್ತಲೇ ಇರುತ್ತಿದ್ದಳು. ತೊಂಬತ್ತಾರು ಆದದ್ದೇ ತಡ, “ಒಂದ್ನಿಮಿಷ” ಅಂತ ಕೆಳಗಿಳಿದು ಪೀಪಾಯಿ ಬದಲಾಯಿಸಿ ಬರುತ್ತಿದ್ದಳು. ಇಷ್ಟು ವರ್ಷ ಹೀಗೇ ನಡೆದಿತ್ತು.

ಒಂದು ಸಂಜೆ ನಲ್ಲಿ ಬುಸ್ಸೆಂದಿತು. ಟ್ಯಾಕ್ಸಿ ಓಡಿಸುವವನ ಮುಖದ ತುಂಬ ನೊರೆ. ಪಬ್ಬಿಗೆ ಪಬ್ಬೇ ಚಪ್ಪಾಳೆ ತಟ್ಟಿತು, ಅಕ್ಕನೂ ಬಿದ್ದು ಬಿದ್ದು ನಕ್ಕಳು. ತಲೆಯೊಳಗಿನ ಲೆಕ್ಕ ಇನ್ನೂ ಎಂಬತ್ತೇಳರಲ್ಲೇ ಇತ್ತು. ಎಲ್ಲೋ ಮಾತಿನ ಭರದಲ್ಲಿ ಎಣಿಕೆ ಜಾರಿರಬೇಕು ಅಂದುಕೊಂಡಳು.

ಮುಂದಿನ ಪೀಪಾಯಿಗೂ ಹಾಗೇ ಆಯಿತು. ಅದರ ಮುಂದಿನದಕ್ಕೂ. ಆಗ ನಗು ಬರಲಿಲ್ಲ.

ಅಕ್ಕನ ಅಮ್ಮ ಬಟ್ಟೆ ಹೊಲಿಯುತ್ತಿದ್ದವಳು. ಅಳತೆಪಟ್ಟಿ ಇಲ್ಲದೆ ಕಣ್ಣಲ್ಲೇ ಅಳೆದು ಕತ್ತರಿ ಹಾಕುತ್ತಿದ್ದವಳು. ಒಂದು ದಿನ ಒಂದೇ ಅಂಗಿಗೆ ಎರಡೂ ಎಡತೋಳು ಹೊಲಿದಿಟ್ಟಳು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಅಮ್ಮನೂ ನಕ್ಕಳು. ಮೂರು ವರ್ಷ ಕಳೆಯುವುದರೊಳಗೆ ಅದೇ ಅಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು “ನೀವು ಯಾರ ಪೈಕಿ?” ಅಂತ ಕೇಳಿದ್ದಳು. ಅಕ್ಕನಿಗೆ ಈಗ ಆ ಎರಡು ತೋಳುಗಳು ಕಣ್ಣಿಗೆ ಕಟ್ಟಿದ ಹಾಗಾಗಿ, ಮಲಗಿದರೂ ಬಿಡಲಿಲ್ಲ.

ಗಂಡನಿಗೆ ಹೇಳಲು ಬಾಯಿ ಬರಲಿಲ್ಲ. ಗುಟ್ಟಾಗಿ ಏಪ್ರನ್ನಿನ ಒಂದು ಜೇಬಿನಿಂದ ಇನ್ನೊಂದಕ್ಕೆ ಗ್ಲಾಸಿಗೊಂದರಂತೆ ಬೆಂಕಿಕಡ್ಡಿ ದಾಟಿಸತೊಡಗಿದಳು. ಕಡ್ಡಿಗಳೂ ಎಂಬತ್ತೇಳೇ ಅಂದವು. ಆಗ ಕಡ್ಡಿಯ ಮೇಲೇ ಅನುಮಾನ ಬಂತು: ‘ಹಾಕಿದೆನೋ, ಹಾಕಿದೆ ಅಂದುಕೊಂಡೆನೋ?’ ಅನುಮಾನ ಹೊಕ್ಕ ಮೇಲೆ ಕೇಳಬೇಕೆ? ಬೀಗದ ಕೈ ಒಂದು ಗಳಿಗೆ ಕಾಣದಿದ್ದರೂ ‘ಶುರುವಾಯಿತು’ ಅಂದುಕೊಳ್ಳುತ್ತಿದ್ದಳು. ಮಾತೂ ಕಡಿಮೆಯಾಯಿತು.

ಕೊನೆಗೆ ಒಂದು ಬೆಳಿಗ್ಗೆ, “ಹಲ್ಲು ತೋರಿಸ್ಕೊಂಡು ಬರ್ತೀನಿ” ಅಂತ ಗಂಡನಿಗೆ ಸುಳ್ಳು ಹೇಳಿ ಡಾಕ್ಟರ ಹತ್ತಿರ ಹೋದಳು. ನಡುವಯಸ್ಸಿನ, ಸಮಾಧಾನದ ಹೆಂಗಸು ಆ ಡಾಕ್ಟರು. ಅಮ್ಮನ ಕತೆಯನ್ನೆಲ್ಲ ಅರ್ಧಕ್ಕೆ ತಡೆಯದೆ ಕೇಳಿದರು. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಅಂದರು, ಗಡಿಯಾರದ ಚಿತ್ರ ಬರೆಸಿದರು. ಆಮೇಲೆ, “ನೂರರಿಂದ ಏಳೇಳು ಕಳೀತಾ ಬನ್ನಿ” ಅಂದರು.

“ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು...” ಅಕ್ಕ ಹೆದರಿಕೆಯಲ್ಲಿ ಉಸಿರೂ ಬಿಡದೆ ಇಳಿದಳು. ಡಾಕ್ಟರು ಕೈಯೆತ್ತಿದ್ದು ಅವಳ ಕಣ್ಣಿಗೆ ಬೀಳಲೇ ಇಲ್ಲ. “...ಹದಿನಾರು, ಒಂಬತ್ತು, ಎರಡು. ಇನ್ನು ಕಳೆಯೋಕೆ ಏನೂ ಉಳಿದಿಲ್ಲ ಡಾಕ್ಟ್ರೇ.”

“ಐದು ಸಲ ಕಳೆದಿದ್ರೆ ಸಾಕಿತ್ತು,” ಡಾಕ್ಟರು ನಕ್ಕರು. ಮೂರು ಪದಗಳನ್ನೂ ಅಕ್ಕ ತಪ್ಪದೆ ಒಪ್ಪಿಸಿದಳು. “ಇವತ್ತಿಗೆ ನನಗೇನೂ ತೊಂದರೆ ಕಾಣ್ತಿಲ್ಲ. ಅಮ್ಮನಿಗೆ ಇತ್ತು ಅಂತೀರಲ್ಲ, ಆರು ತಿಂಗಳು ಬಿಟ್ಟು ಇನ್ನೊಮ್ಮೆ ಬನ್ನಿ.”

ಅಕ್ಕ ಏಳಲಿಲ್ಲ. “ಮತ್ತೆ ಆ ಪೀಪಾಯಿ?”

“ಎಷ್ಟು ತಪ್ಪುತ್ತೆ ನಿಮ್ಮ ಲೆಕ್ಕ? ಒಂದು ದಿನ ಎರಡು, ಒಂದು ದಿನ ಇಪ್ಪತ್ತು, ಹಾಗಾ?”

“ಇಲ್ಲಪ್ಪ. ಒಂಬತ್ತು.”

“ಪ್ರತಿ ಸಲವೂ ಒಂಬತ್ತೇ?”

“ಒಂಬತ್ತೇ. ಎಲ್ಲೋ ಒಂದ್ಸಲ ಎಂಟು.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಮರೆವು ಅಷ್ಟು ಶಿಸ್ತಿನದಲ್ಲ ಕಣಮ್ಮ. ಮರೆಯೋರು ಹೇಗೆ ಬೇಕೋ ಹಾಗೆ ಮರೀತಾರೆ. ಪಬ್ಬಿನ ಕೆಲಸ ನನಗೆ ಗೊತ್ತಿಲ್ಲ, ಆದ್ರೆ ತಪ್ಪು ಎಣಿಸೋದರಲ್ಲಿ ಇದ್ದ ಹಾಗಿಲ್ಲ. ಎಣಿಸ್ತಿರೋ ವಸ್ತುವನ್ನೇ ಒಮ್ಮೆ ನೋಡಿ.”

ಹಿಂದಿರುಗುವ ಬಸ್ಸಿನಲ್ಲಿ ಅಕ್ಕ ಪೀಪಾಯಿ ಸೋರುತ್ತಿದೆಯಾ, ಯಾರಾದರೂ ಕದಿಯುತ್ತಿದ್ದಾರಾ ಅಂತ ತಲೆ ಕೆಡಿಸಿಕೊಂಡಳು. ಸೋರಿದರೆ ನೆಲ ಒದ್ದೆಯಾಗಬೇಕಿತ್ತು. ಕಳ್ಳ ಬಂದರೆ ದಿನಾ ಒಂದೇ ಅಳತೆಯಲ್ಲಿ ಕುಡಿದು ಹೋಗುತ್ತಾನೆಯೇ?

ಹಿಂಬಾಗಿಲಿನಿಂದ ಅಡುಗೆಮನೆಗೆ ಬಂದರೆ, ಗಂಡ ಬ್ರೆಡ್ಡಿನ ಹಿಟ್ಟಿನಲ್ಲಿ ಮೊಣಕೈವರೆಗೂ ಮುಳುಗಿದ್ದ. ಹಿಟ್ಟು ಅಂಟಂಟಾಗಿ ಕೈ ಬಿಡಲೊಲ್ಲದು. ಮುಖ ಸಪ್ಪೆ.

“ಹಲ್ಲು ಹೇಗಿದೆ?”

“ಹಲ್ಲಿಗೇನೂ ಆಗಿಲ್ಲ. ನಾನು ತಲೆ ತೋರಿಸೋಕೆ ಹೋಗಿದ್ದೆ.” ಅಕ್ಕ ಸ್ಟೂಲಿನ ಮೇಲೆ ಕುಸಿದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ನಲ್ಲಿ, ಬೆಂಕಿಕಡ್ಡಿ, ಎಡತೋಳು, ಡಾಕ್ಟರು.

ಗಂಡ ಹಿಟ್ಟಿನಿಂದ ಕೈ ಕಿತ್ತುಕೊಂಡ. ಆಮೇಲೆ ಅಂದ, “ನನ್ನ ಕೈಯೂ ಹೋಗ್ತಿದೆ ಕಣೇ. ಎರಡು ತಿಂಗಳಿಂದ ಹಿಟ್ಟು ಹದಕ್ಕೇ ಬರ್ತಿಲ್ಲ. ಅದೇ ಹಿಟ್ಟು, ಅದೇ ನೀರು, ಯಾವತ್ತಿನ ಹಾಗೆ ಆರು ಗ್ಲಾಸು. ಆದ್ರೂ ನೀರುನೀರು. ನಿನಗೆ ಹೇಳಿದ್ರೆ ಗಾಬರಿ ಆಗ್ತೀಯ ಅಂತ...”

“ಯಾವ ಗ್ಲಾಸು?”

ಇಬ್ಬರೂ ಒಟ್ಟಿಗೇ ಮೇಜಿನ ಕಡೆ ತಿರುಗಿದರು. ಗಂಡ ನೀರು ಅಳೆಯುತ್ತಿದ್ದದ್ದು ಬಿಯರಿನ ಗ್ಲಾಸಿನಲ್ಲೇ. ಎರಡು ತಿಂಗಳ ಕೆಳಗೆ, ಹಳೆಯವು ಅಂಚು ಒಡೆದವು ಅಂತ ಪೆಟ್ಟಿಗೆಗಟ್ಟಲೆ ಹೊಸ ಗ್ಲಾಸು ತರಿಸಿದ್ದರು. ಎತ್ತರ ಅದೇ, ಬಾಯಿ ಅದೇ. ಯಾರಿಗೂ ವ್ಯತ್ಯಾಸ ಗೊತ್ತಾಗಿರಲಿಲ್ಲ.

ಅಕ್ಕ ಸೌಟುಗಳನ್ನು ನಿಲ್ಲಿಸಿಟ್ಟಿದ್ದ ಹಳೆಯ ಗ್ಲಾಸನ್ನು ಖಾಲಿ ಮಾಡಿ ಹೊಸದರ ಪಕ್ಕ ಇಟ್ಟಳು. ಹಳೆಯದರ ತಳ ಬೆರಳಿನಷ್ಟು ದಪ್ಪ. ಹೊಸದರದು ಹಪ್ಪಳದ ಹಾಗೆ. ಹೊಸದಕ್ಕೆ ನೀರು ತುಂಬಿ ಹಳೆಯದಕ್ಕೆ ಬಗ್ಗಿಸಿದಳು. ಹಳೆಯದು ತುಂಬಿದ ಮೇಲೂ ಹೊಸದರಲ್ಲಿ ಒಂದಿಷ್ಟು ಉಳಿಯಿತು. ಆ ಉಳಿದದ್ದನ್ನು ಮತ್ತೊಂದು ಪಾತ್ರೆಗೆ ಹಾಕಿ ಹೀಗೇ ಹತ್ತು ಸಲ ಮಾಡಿದಳು. ಪಾತ್ರೆಯಲ್ಲಿ ಕೂಡಿದ ನೀರನ್ನು ಹಳೆಯ ಗ್ಲಾಸಿಗೆ ಸುರಿದರೆ ಸರಿಯಾಗಿ ಒಂದು ಗ್ಲಾಸ್ ಭರ್ತಿ.

“ಹತ್ತು ಕೊಟ್ಟರೆ ಹನ್ನೊಂದು ಹೋಗ್ತಿದೆ!” ಅಕ್ಕ ಬೆರಳು ಮಡಿಸತೊಡಗಿದಳು. “ತೊಂಬತ್ತಾರರಲ್ಲಿ ಹನ್ನೊಂದು ಎಷ್ಟು ಸಲ? ಹನ್ನೊಂದೆಂಟ್ಲ ಎಂಬತ್ತೆಂಟು. ಎಂಟು ಸಲ. ಅಂದ್ರೆ ಎಂಬತ್ತು ಹೊಸ ಗ್ಲಾಸು. ಉಳಿದದ್ದು ಹಳೇ ಎಂಟು, ಅದರಲ್ಲಿ ಹೊಸದು ಏಳು. ಎಂಬತ್ತೇಳು! ರೀ, ಎಂಬತ್ತೇಳು! ಒಂಬತ್ತು ಕಮ್ಮಿ!”

ಗಂಡನಿಗೆ ಲೆಕ್ಕ ಅರ್ಧ ತಿಳಿಯಿತೋ ಇಲ್ಲವೋ, ಹೆಂಡತಿಯ ಮುಖ ಪೂರ್ತಿ ತಿಳಿಯಿತು. ಹಿಟ್ಟು ಮೆತ್ತಿದ ಕೈಯಲ್ಲೇ ಅವಳ ತಲೆ ನೇವರಿಸಿದ. ಅಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂದು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಬಂಡೆ ಯಾವಾಗ ಎದ್ದು ಹೋಯಿತೋ ತಿಳಿಯಲೇ ಇಲ್ಲ.

ಸಂಜೆ ಗಿರಾಕಿಗಳಿಗೆ ವಿಷಯ ಹೇಳಿದಳು. ಇನ್ನು ಮೇಲೆ ಗ್ಲಾಸಿಗೆ ಒಂದು ಬೆರಳು ಕಡಿಮೆ ಹಿಡಿಯುತ್ತೇನೆ ಅಂದಾಗ ಗೊಣಗಾಟ ಎದ್ದಿತು. ಗೋಡೆ ಪಕ್ಕದ ಮೇಜಿನ ಮುದುಕ ಗಾರೆಯವನು ಮಾತ್ರ ಎದ್ದು ನಿಂತು ಕೈಮುಗಿದ.

“ಪುಣ್ಯಾತ್ಗಿತ್ತಿ, ಮೊದಲೇ ಹೇಳೋಕಾಗ್ಲಿಲ್ವಾ? ಮಾಮೂಲಿ ನಾಲ್ಕು ಗ್ಲಾಸಿಗೇ ಕಾಲು ತೊಡರ್ತಿತ್ತು. ನನ್ನ ಕಾಲ ಮುಗೀತು ಅಂತ ಮಗಳಿಗೆ ಮನೆ ಬರೆದುಕೊಡೋಕೆ ಹೊರಟಿದ್ದೆ!”

ಪಬ್ಬು ಗೊಳ್ಳೆಂದಿತು. ಅಕ್ಕ ನಲ್ಲಿ ತಿರುಗಿಸುತ್ತಾ, ಬಹಳ ದಿನಗಳ ಮೇಲೆ, ಟ್ಯಾಕ್ಸಿಯವನ ಹೊಸ ಮೀಸೆಯ ಮೇಲೆ ಮಾತು ತೆಗೆದಳು.