ಹಾದಿಗೆ ಹಚ್ಚಿದ ಕಂಟಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಅವರಿಗೆ ಸಿಟ್ಟೇ ಬರುವುದಿಲ್ಲ, ನನಗೆ ಸಿಟ್ಟು ಬರುವುದೂ ಅದಕ್ಕೇ. ಆಟೋ ನಗರದಲ್ಲಿ ಅವರದೊಂದು ಚಿಕ್ಕ ವರ್ಕ್‌ಶಾಪು. ಮೂವತ್ತು ವರ್ಷ ಲಾರಿ, ಟೆಂಪೋಗಳ ಎಂಜಿನ್ನಿಗೆ ಕಿವಿಗೊಟ್ಟ ಮನುಷ್ಯ ಐವತ್ತೈದು ದಾಟಿದ ಮೇಲೆ ಒಂದು ದಿನ ಊಟಕ್ಕೆ ಕುಳಿತಾಗ, "ಒಂದೂ ಗಾಡಿ ಸಪ್ಪಳ ಇಲ್ಲದ ಹಾದ್ಯಾಗ ಸೈಕಲ್ ಹೊಡೀಬೇಕು ನೋಡ" ಎಂದರು. ಸಕ್ಕರೆ ಕಾಯಿಲೆಗೆ ವ್ಯಾಯಾಮ ಬೇಕೆಂದು ಡಾಕ್ಟರೂ ಹೇಳಿದ್ದರು. ಎರಡು ಸೈಕಲ್ ಬಂದವು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ಗರಸುಮಣ್ಣಿನ ಕಚ್ಚಾ ಹಾದಿಗೆಂದೇ ಮಾಡಿದ ದಪ್ಪ ಟೈರು. "ಏನ್ರಿ ಅಕ್ಕಾರ, ಈ ವಯಸ್ಸಿನ್ಯಾಗ ರೇಸಿಗೆ ಹೊಂಟೀರೇನು?" ಎಂದು ಹಿಂಡಲಗಾದ ನಮ್ಮ ಓಣಿಯವರು ನಕ್ಕರು. ನಗಲಿ ಎಂದು ಬಿಟ್ಟೆ.

ಪರದೇಶದವರು ದ್ರಾಕ್ಷಿ ತೋಟಗಳ ನಡುವೆ ಸೈಕಲ್ ಹೊಡೆಯುವ ವಿಡಿಯೋಗಳನ್ನು ಅವರು ಮೊಬೈಲಿನಲ್ಲಿ ನೋಡುತ್ತಿದ್ದರು. ದ್ರಾಕ್ಷಿ ಬೇಕೆಂದರೆ ನಾವು ಅಥಣಿ ಕಡೆಗೇ ಹೋಗಬೇಕು. ಖಾನಾಪುರದ ಸುತ್ತ ಇರುವುದು ಕಬ್ಬು, ಭತ್ತ, ಗೇರು; ಅದರಾಚೆ ಗುಡ್ಡ, ಗುಡ್ಡದಾಚೆ ಕಾಡು. ಅಷ್ಟೇ ಸಾಕಾಗಿತ್ತು ನಮಗೆ. ಭಾನುವಾರ ಬೆಳಗಿನ ಜಾವ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಹೋಗಿ, ಖಾನಾಪುರದ ಸ್ಟೇಷನ್ ಹತ್ತಿರ ಕಾರು ನಿಲ್ಲಿಸಿ, ಗುಂಜಿ ಕಡೆಗೆ ಹೊಲದ ಹಾದಿ ಹಿಡಿಯುತ್ತಿದ್ದೆವು. ನಾನು ಮುಂದೆ, ಅವರು ಹಿಂದೆ. ಅವರು ಎಲ್ಲೆಂದರಲ್ಲಿ ನಿಲ್ಲುತ್ತಾರೆ. ಹಕ್ಕಿ ನೋಡಲು, ನೀರು ಕುಡಿಯಲು, ಕುಡಿದ ನೀರನ್ನು ಬೇಲಿಯ ಬದಿಗೆ ಹೋಗಿ ಬಿಡಲು. ಅಲ್ಲದೆ ವಾರಕ್ಕೊಂದು ಪಂಕ್ಚರ್. ಅಂಥ ಮೆಕ್ಯಾನಿಕ್ ಒಂದು ಟ್ಯೂಬಿಗೆ ಮುಕ್ಕಾಲು ಗಂಟೆ ತೆಗೆದುಕೊಳ್ಳುವುದನ್ನು ನೋಡಲಾರದೆ, ಮುಂದೆ ಹೋಗುವ ನಾನೇ ಹಾದಿಯ ಮುಳ್ಳುಗಳನ್ನು ಎತ್ತಿ ಬದಿಗೆ ಹಾಕುವುದು ರೂಢಿಯಾಯಿತು.

ಅದು ಡಿಸೆಂಬರಿನ ಒಂದು ಭಾನುವಾರ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಗಾಲಿಯಾಚೆ ಹತ್ತು ಮಾರು ಕಾಣುತ್ತಿರಲಿಲ್ಲ. ಹಿಂದಿನ ಹಳ್ಳಿಯಿಂದ ಒಂದು ಕಂದು ನಾಯಿ ನಮ್ಮ ಬೆನ್ನು ಹತ್ತಿತ್ತು. ಇವರು ಬಿಸ್ಕತ್ತು ಹಾಕಿದ್ದರು, ಇನ್ನೇನು ಬೇಕು ಅದಕ್ಕೆ? ಇವರ ಸೈಕಲ್ಲಿನ ಬಾಜೂಕೆ ಓಡಿ ಬರುತ್ತಿತ್ತು. ಇಬ್ಬರೂ ಹಿಂದೆ ಉಳಿದರು. ನಾನೊಬ್ಬಳೇ ಮುಂದೆ ಬಂದು ನೋಡುತ್ತೇನೆ, ಎರಡು ಕಬ್ಬಿನ ಗದ್ದೆಗಳ ನಡುವೆ ಹೋಗುವ ಎತ್ತಿನ ಚಕ್ಕಡಿ ದಾರಿಯ ಬಾಯಿಗೆ ಯಾರೋ ಜಾಲಿಯ ದೊಡ್ಡ ಮುಳ್ಳುಕಂಟಿ ಅಡ್ಡ ಎಳೆದಿದ್ದಾರೆ.

ಕಂಟಿ ಕಂಡಕೂಡಲೇ ನನ್ನ ರಕ್ತ ಕುದಿಯಿತು. ಅದಕ್ಕೆ ಕಾರಣವಿದೆ. ನನ್ನ ತವರಿನಲ್ಲಿ ಹೊಲ ಪಾಲಾದ ವರ್ಷ ನಮ್ಮ ದೊಡ್ಡಪ್ಪ ನಮ್ಮ ಹೊಲಕ್ಕೆ ಹೋಗುವ ದಾರಿಗೆ ಹೀಗೇ ಕಂಟಿ ಹಚ್ಚಿದ್ದ. ನಮ್ಮ ಕಡೆ ಅಣ್ಣತಮ್ಮಂದಿರ ಜಗಳ ಶುರುವಾಗುವುದೇ ಹಾಗೆ. ಅಪ್ಪ ದಿನವೂ ಬೆಳಿಗ್ಗೆ ಅದನ್ನು ತೆಗೆದು ಬದಿಗಿಟ್ಟು ಎತ್ತು ಹೊಡೆದುಕೊಂಡು ಹೋಗುತ್ತಿದ್ದ, ಸಂಜೆಗೆ ಅದು ಮತ್ತೆ ಅಲ್ಲಿರುತ್ತಿತ್ತು. ಹಾದಿಗೆ ಕಂಟಿ ಹಚ್ಚುವವರು ಹೊಟ್ಟೆಕಿಚ್ಚಿನವರು ಎಂಬುದು ನನ್ನ ತಲೆಯಲ್ಲಿ ಅಂದೇ ಕೂತುಬಿಟ್ಟಿದೆ. ಇಲ್ಲೂ ಯಾರೋ ಒಬ್ಬ ಅಣ್ಣ ತನ್ನ ತಮ್ಮನ ದಾರಿ ಮುಚ್ಚಿದ್ದಾನೆ ಎಂದುಕೊಂಡು, ಬುಡ ಹಿಡಿದು ಎಳೆದು ಕಾಲುವೆಗೆ ಒಗೆದೆ. ಉದುರಿದ ಮುಳ್ಳುಗಳನ್ನು ಬೂಟಿನಿಂದ ಸರಿಸಿದೆ. ನನ್ನ ಗಂಡನ ಟೈರಿಗೆ ಹಾದಿ ಹಸನಾಯಿತು.

ಒಳಗೆ ಕಬ್ಬು ತಲೆಗಿಂತ ಎತ್ತರ. ಎರಡೂ ಬದಿಗೆ ಮೊಣಕಾಲೆತ್ತರದಲ್ಲಿ ಸಣ್ಣ ತಂತಿ ಎಳೆದಿದ್ದರು, ಅದರ ತುಂಬ ಇಬ್ಬನಿ ಹನಿ. ಹೊಲದ ಗಡಿಯಿರಬೇಕು ಎಂದುಕೊಂಡೆ. ಒಂದು ಹಕ್ಕಿಯ ದನಿಯೂ ಇರಲಿಲ್ಲ. ಗರಸಿನ ಮೇಲೆ ನನ್ನ ಟೈರು ಕರಕರ ಎನ್ನುವುದಷ್ಟೇ ಕೇಳುತ್ತಿತ್ತು. ಇವರು ಬಯಸಿದ್ದ ನಿಶ್ಶಬ್ದವೇ ಇದು. ಆದರೂ ಯಾಕೋ ಬೇಗ ಹೊರಬೀಳಬೇಕೆನಿಸಿತು. ಪೆಡಲ್ ಜೋರು ಮಾಡಿದೆ.

ಆ ಕಡೆಯ ಬಾಯಿಗೂ ಕಂಟಿ. ಅದರಾಚೆ ತಲೆಗೆ ಮಫ್ಲರ್ ಸುತ್ತಿಕೊಂಡು, ಕೈಯಲ್ಲಿ ಉದ್ದನೆಯ ಬಿದಿರು ಹಿಡಿದ ಒಬ್ಬ ರೈತ. ನಲವತ್ತರ ವಯಸ್ಸಿರಬಹುದು. ಬೈಯಲು ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ.

"ಅಕ್ಕಾರ, ಒಳಗ ಹೆಂಗ ಬಂದ್ರಿ? ಆ ಕಡೆ ಕಂಟಿ ಹಚ್ಚಿದ್ನಲ್ಲ?"

"ತಗದ ಒಗದೆ. ಹಾದಿ ಏನ್ ನಿಮ್ಮ ಮನಿದೇನ?"

ಅವನ ಮುಖದ ಬಣ್ಣವೇ ಹೋಯಿತು. "ಅರೇ ದೇವಾ! ಹಂದಿ ಕಾಟಕ್ಕ ತಂತಿಗೆ ಕರೆಂಟ್ ಬಿಟ್ಟೇನ್ರಿ. ಇನ್ನೂ ಚಾಲೂ ಐತಿ, ತಗ್ಯಾಕ ಹೊಂಟೇನಿ. ಕಂಟಿ ಅದಾವಂದ್ರ ಈ ಕಡೆ ಯಾರೂ ಒಳಗ ಕಾಲ ಇಡೂದಿಲ್ರಿ." ನನ್ನ ಹಿಂದೆ ಮಂಜಿನತ್ತ ನೋಡಿದ. "ಹಿಂದ ಯಾರರೆ ಬರಾಕತ್ತಾರೇನು?"

ಹೌದೆಂದು ತಲೆಯಾಡಿಸಿದೆ. ಕರೆಂಟಿನ ಕಂಬ ಗದ್ದೆಯ ಇನ್ನೊಂದು ಮೂಲೆಯಲ್ಲಿತ್ತು. ವಿದ್ಯುತ್ ಲೈನಿಗೆ ಸಿಕ್ಕಿಸಿದ್ದ ಕೊಕ್ಕೆಯನ್ನು ಬಿದಿರಿನಿಂದ ಎಳೆದು ತೆಗೆಯಬೇಕು. ಅವನು ಆ ಕಡೆಗೆ ಎದ್ದು ಬಿದ್ದು ಓಡಿದ. ನಾನು ಫೋನ್ ಹಚ್ಚಿದೆ. ಕಾಡಿನ ಅಂಚಿನಲ್ಲಿ ಸಿಗ್ನಲ್ ಒಂದೇ ಗೆರೆ. ನಾಲ್ಕನೇ ರಿಂಗಿಗೆ ಎತ್ತಿದರು.

"ಹಾಂ, ತಡಿ. ನಾಯಿ ಹಂದಿ ಹಿಡಿಯೋ ಕ್ಲಚ್ ವೈರಿನ ಉರುಲಿಗೆ ಸಿಕ್ಕೊಂಡೈತಿ, ಪಾಪ, ಒದ್ದಾಡಾಕತ್ತೈತಿ. ಬಿಡಿಸಿ ಬರ್ತೇನಿ."

ಅದು ಉರುಲಲ್ಲ, ಕರೆಂಟಿನ ತಂತಿ. "ರೀ, ಮುಟ್ಟಬ್ಯಾಡ್ರಿ!" ಎಂದು ಕಿರುಚಿದೆ. ಕಿರುಚುತ್ತಿದ್ದಂತೆಯೇ ಲೈನ್ ಕಡಿದುಹೋಯಿತು. ನನ್ನ ಮಾತು ಅವರಿಗೆ ಕೇಳಿತೋ ಇಲ್ಲವೋ ತಿಳಿಯಲಿಲ್ಲ.

ಸೈಕಲ್ ಬಿಸಾಕಿ ಬಂದ ಹಾದಿಯಲ್ಲೇ ಓಡಿದೆ. ಎರಡೂ ಬದಿಗೆ ಅದೇ ತಂತಿ. ಈಗ ಅದರ ಒಂದೊಂದು ಹನಿಯೂ ಕಾಣುತ್ತಿತ್ತು. ಅವರ ಹೆಸರು ಹಿಡಿದು ಕೂಗಿದೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಎಂದೂ ಹೆಸರು ಹಿಡಿದು ಕರೆದವಳಲ್ಲ. ಉತ್ತರ ಬರಲಿಲ್ಲ. ಒಂದು ಕಡೆ ಕಾಲು ಜಾರಿ ತಂತಿಯಿಂದ ಗೇಣು ದೂರದಲ್ಲಿ ಬಿದ್ದು, ಎದ್ದು ಓಡಿದೆ. ಅವರು ಸತ್ತಿದ್ದರೆ ನಾನೇ ಕೊಂದಂತೆ ಎಂಬುದೊಂದೇ ಆಗ ತಲೆಯಲ್ಲಿದ್ದದ್ದು.

ಅವರು ನಿಂತಿದ್ದರು. ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿದ್ದರು. ಕಾಲ ಬಳಿ ನಾಯಿ ಅಲುಗಾಡದೆ ಬಿದ್ದಿತ್ತು.

"ನಿನ್ನ ಮಾತ ತಿಳೀಲಿಲ್ಲ, ಆದ್ರ ದನಿ ಕೇಳಿ ಎದಿ ಧಸಕ್ಕಂತು. ಬಗ್ಗಿದಾಂವ ಹಂಗ ನಿಂತೆ," ಎಂದರು. ನಾನು ಅವರ ಎರಡೂ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

ಸ್ವಲ್ಪ ಹೊತ್ತಿಗೆ ರೈತ ಏದುಸಿರು ಬಿಡುತ್ತ ಬಂದ. ಕೊಕ್ಕೆ ತೆಗೆದಿದ್ದ. ನಡೆದದ್ದು ತಿಳಿದಾಗ ನನ್ನ ಗಂಡನಿಗೆ ಸಿಟ್ಟು ಬಂತು. ಅವರ ಸಿಟ್ಟನ್ನು ನಾನು ನೋಡಿದ್ದು ಅದೇ ಮೊದಲು.

"ಮನಷಾನೇನೋ ನೀ? ಹಾದಿಗುಂಟ ಕರೆಂಟ್ ಬಿಡ್ತೀ, ಒಂದ ಕಂಟಿ ಆದರೂ ಹಚ್ಚಬಾರದ? ಮಂದಿ ಬರ್ತಾರನ್ನೂ ಖಬರ ಬ್ಯಾಡೇನ?"

ರೈತ ನನ್ನ ಮುಖ ನೋಡಿದ. ಇವರೂ ನನ್ನ ಕಡೆ ತಿರುಗಿದರು. "ನೀ ಮುಂದ ಬಂದಾಕಿ. ಕಂಟಿ ಇತ್ತೇನ?"

ಹೇಳಬೇಕಿತ್ತು. ಇವರು ನನ್ನನ್ನು ಬೈಯುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ನಾಯಿಯನ್ನು ನೋಡುತ್ತ, "ಇರಲಿಲ್ಲ" ಎಂದೆ.

ರೈತ ತಲೆ ತಗ್ಗಿಸಿದ. "ತಪ್ಪಾತ್ರಿ ಸಾಹೇಬ್ರ," ಎಂದ. ತಂತಿಗೆ ಕರೆಂಟ್ ಬಿಟ್ಟವನು ಇನ್ನೇನು ಹೇಳಿಯಾನು? ಅವನು ನನ್ನ ತಪ್ಪನ್ನೂ ತನ್ನದರ ಜೊತೆ ಹೊತ್ತುಕೊಂಡ. ಮನೆಗೆ ಹೋಗಿ ಗುದ್ದಲಿ ತಂದು ನಾಯಿಗೆ ಕುಣಿ ತೋಡಿದವನೂ ಅವನೇ. ದೂರು ಕೊಡುತ್ತೇನೆಂದು ಹೊರಟ ಇವರನ್ನು ನಾನು ತಡೆದೆ. "ನಿನ್ನ ಮನಸ ದೊಡ್ಡದು" ಎಂದರು. ವಿಚಾರಣೆಯಲ್ಲಿ ಅವನು ನಿಜ ಬಾಯಿಬಿಟ್ಟಾನು ಎಂಬ ಹೆದರಿಕೆಯೇ ನನ್ನ ದೊಡ್ಡ ಮನಸ್ಸಾಗಿತ್ತು.

ತಿರುಗಿ ಬರುವಾಗ ಮಂಜು ಕರಗಿತ್ತು, ಗುಡ್ಡಗಳು ಕಾಣುತ್ತಿದ್ದವು. ಇವರು ಸೈಕಲ್ ನಿಲ್ಲಿಸಿ ನನಗೆ ದಾರಿ ಬಿಟ್ಟರು.

"ನೀ ಮುಂದ ನಡಿ," ಎಂದರು. "ನೀ ಮುಂದಿದ್ರ ನನಗ ಅಂಜಿಕಿ ಇಲ್ಲ."

ನಾನು ಮುಂದೆ ನಡೆದೆ.