ಕತ್ತರಿ ಹಾಡು

ಹೊಲಿಗೆಯಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಎಪ್ಪತ್ತರ ದಶಕದ ಒಂದು ಇಂಗ್ಲಿಷ್ ರಾಕ್ ಆಲ್ಬಮ್ಮಿನ ವಿಷಯ ಬಂದರೆ ಅವಳ ಮಾತೇ ಕೊನೆ. ಅದರ ಒಂಬತ್ತು ಹಾಡುಗಳಲ್ಲಿ ಯಾವುದು ಮೇಲು, ಯಾವುದು ಕೆಳಗೆ ಎಂದು ಅವಳೂ ಅವಳ ತಂಗಿಯೂ ಭಾನುವಾರದ ಮಧ್ಯಾಹ್ನಗಳಲ್ಲಿ ಕಿತ್ತಾಡಲು ಶುರುಮಾಡಿ ಎಷ್ಟೋ ವರ್ಷಗಳಾದವು. ಹಾಡುಗಳ ನಿಜವಾದ ಹೆಸರು ಯಾರಿಗೆ ಬೇಕು? ನಾಮಕರಣವನ್ನೂ ಇವರಿಬ್ಬರೇ ಮಾಡಿದ್ದರು. ಡ್ರಮ್ಮು ಗಡಗಡ ಎನ್ನುವುದು ರೈಲು. ಹಾಡುವವನು ಮೂಗಿನಲ್ಲೇ ಕೊರಗುವುದು ಅಳುಮುಂಜಿ. ಗಿಟಾರು ಒಂದೇ ಸಮನೆ ಕಿರುಚುವುದಕ್ಕೆ ಅತ್ತೆ ಎಂದು ಹೆಸರು. ರೈಲು ಈ ವಾರ ಎರಡನೆಯ ಸ್ಥಾನದಲ್ಲಿದ್ದರೆ ಮುಂದಿನ ವಾರ ಐದಕ್ಕೆ ಇಳಿಯುತ್ತಿತ್ತು. ಅಳುಮುಂಜಿ ಯಾವತ್ತೂ ಕೊನೆಗೆ, ಕತ್ತರಿ ಯಾವತ್ತೂ ಮೊದಲಿಗೆ. ಇವೆರಡರ ಬಗ್ಗೆ ತಕರಾರು ಇರಲಿಲ್ಲ.

ಕತ್ತರಿ ಎಂದರೆ ಕ್ಯಾಸೆಟ್ಟಿನ ಕಟ್ಟಕಡೆಯ ಹಾಡು. ಮೆಲ್ಲಗೆ ಶುರುವಾಗಿ, ಏರುತ್ತ ಏರುತ್ತ ಹೋಗಿ, ಹಾಡುವವನು ಗಂಟಲು ಹರಿಯುವಂತೆ ಒಂದು ಕೂಗು ಎತ್ತುತ್ತಾನೆ. ಆ ಕೂಗಿನ ನಡುವೆಯೇ ಟಕ್ಕೆಂದು ಎಲ್ಲ ನಿಂತುಬಿಡುತ್ತದೆ. ಆ ಗಳಿಗೆಗೆ ಸರಿಯಾಗಿ ಅಕ್ಕ ಎರಡು ಬೆರಳು ಎತ್ತಿ ಕತ್ತರಿಯ ಹಾಗೆ ಮುಚ್ಚುತ್ತಿದ್ದಳು.

“ಹೊಲಿಯೋಕೆ ಯಾರಿಗೆ ಬೇಕಾದ್ರೂ ಬರುತ್ತೆ ಕಣೇ. ಎಲ್ಲಿ ಕತ್ತರಿಸಬೇಕು ಅಂತ ಗೊತ್ತಿರಬೇಕು. ಇವನಿಗೆ ಗೊತ್ತಿದೆ ನೋಡು” ಎನ್ನುತ್ತಿದ್ದಳು. ತಂಗಿ ನಗುತ್ತ ತಲೆಯಾಡಿಸುತ್ತಿದ್ದಳು.

ಅಮ್ಮ ತೀರಿಕೊಂಡಾಗ ಶಾಲೆ ಬಿಟ್ಟು ಅಮ್ಮನ ಮೆಷಿನ್ನಿನ ಮುಂದೆ ಕೂತವಳು ಅಕ್ಕ. ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ಉದ್ದವಾದ ಪ್ಯಾಂಟು, ಬಿಗಿಯಾದ ಸೊಂಟ, ಯಾವುದಕ್ಕೂ ಇಲ್ಲ ಎಂದವಳಲ್ಲ. ಯಾರಾದರೂ ಮದುವೆಯ ಮಾತೆತ್ತಿದರೆ ಹೊಲಿಯಬೇಕಾದ ಬಟ್ಟೆಯ ರಾಶಿಯತ್ತ ಕೈ ತೋರಿಸುತ್ತಿದ್ದಳು. ತಂಗಿಯನ್ನು ಓದಿಸಿದಳು. ಕಾಲೇಜಿಗೆ ಹೋಗುತ್ತಿದ್ದ ಆ ತಂಗಿಯೇ ಎಲ್ಲಿಂದಲೋ ಆ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದಿದ್ದಳು. ಮದುವೆಯಾದ ಮೇಲೂ ಅವಳು ಭಾನುವಾರ ತಪ್ಪಿಸಲಿಲ್ಲ. ಗಂಡ, ಮಕ್ಕಳು, ಆಫೀಸು ಎಲ್ಲ ಅವಳಿಗಿತ್ತು. ಅಕ್ಕನಿಗೆ ಇದ್ದದ್ದು ಭಾನುವಾರ.

ಹೀಗಿರುವಾಗ ತಂಗಿಯ ಮೈದುನ ಊರು ಬದಲಾಯಿಸಿ, ಹೆಂಡತಿಯೊಂದಿಗೆ ಅವರ ಮನೆಯ ಮಹಡಿಗೆ ಬಂದು ಸೇರಿದ. ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಓರಗಿತ್ತಿಯರು ಒಂದೇ ಸೂರಿನಡಿ ಸೇರಿದರೆ ಕಿತ್ತಾಡಬೇಕು, ಅದು ಲೋಕರೂಢಿ. ಅಕ್ಕ ಅದನ್ನೇ ನೆಚ್ಚಿಕೊಂಡಿದ್ದಳು. ಇವರಿಬ್ಬರು ನೋಡಿದರೆ ಹಾಲು ಜೇನಿನ ಹಾಗೆ ಬೆರೆತುಹೋದರು.

ಒಂದು ಭಾನುವಾರ ತಂಗಿ ಮೆಲ್ಲಗೆ ಬಾಯಿಬಿಟ್ಟಳು. “ಅಕ್ಕ, ರೈಲನ್ನ ಮೂರಕ್ಕಿಂತ ಕೆಳಗೆ ಹಾಕೋದು ಅನ್ಯಾಯ ಅನ್ಸುತ್ತೆ.”

“ಹಾಗಂತ ಯಾರು ಹೇಳಿದ್ದು?”

“ನಮ್ಮ ಓರಗಿತ್ತಿ. ಅವಳ ಹತ್ರ ಇದರ ರೆಕಾರ್ಡೇ ಇದೆ. ಮೊನ್ನೆ ಇಬ್ಬರೂ ಕೂತು ಕೇಳಿದ್ವಿ.”

ಇಬ್ಬರೂ ಎಂದದ್ದು ಅಕ್ಕನಿಗೆ ಚುಚ್ಚಿತು. ಆ ವಾರವಿಡೀ ಅವಳು ಸರಿಯಾಗಿ ಉಣ್ಣಲಿಲ್ಲ. ಒಬ್ಬ ಹುಡುಗನ ಪ್ಯಾಂಟಿಗೆ ಒಂದೇ ಕಡೆಯ ಎರಡು ಕಾಲು ಜೋಡಿಸಿ, ಬಿಚ್ಚಿ, ಮತ್ತೆ ಹೊಲಿದಳು. ನಿನ್ನೆ ಮೊನ್ನೆ ಬಂದವಳಿಗೆ ರೈಲಿನ ಬಗ್ಗೆ ಏನು ಗೊತ್ತು ಎಂದು ಮೆಷಿನ್ನಿಗೇ ಕೇಳಿದಳು. ಮುಂದಿನ ವಾರ ಓರಗಿತ್ತಿಯಿಂದ ಕರೆ ಬಂತು, ದೊಡ್ಡಕ್ಕನೂ ಬಂದು ರೆಕಾರ್ಡು ಕೇಳಬೇಕಂತೆ. ಹೋಗಬಾರದು ಎಂದುಕೊಂಡೇ ಇದ್ದವಳು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಹೊರಟಳು.

ಮಹಡಿಯ ಕೋಣೆ ಚೊಕ್ಕಟವಾಗಿತ್ತು. ಅಕ್ಕನ ಕಣ್ಣು ಮೊದಲು ಹೋದದ್ದು ಪರದೆಗೆ. ಅಂಚು ಮಡಚಿದ್ದು ಸೊಟ್ಟಗಿತ್ತು. ಅದನ್ನು ನೋಡಿ ಅವಳಿಗೆ ಒಂದಿಷ್ಟು ಸಮಾಧಾನವಾಯಿತು. ಆದರೆ ಓರಗಿತ್ತಿ ತಂಗಿಯನ್ನು “ಅಕ್ಕ, ಟೀ ತಗೋ” ಎಂದಾಗ ಆ ಸಮಾಧಾನವೂ ಹೋಯಿತು. ತನ್ನ ತಂಗಿ ಇಲ್ಲಿ ಇನ್ನೊಬ್ಬಳಿಗೆ ಅಕ್ಕನಾಗಿದ್ದಳು. ಟೀ ಚೆನ್ನಾಗಿತ್ತು, ಅದು ಇನ್ನೂ ಸಂಕಟ.

ರೆಕಾರ್ಡು ತಿರುಗಿತು. ರೈಲು ಹೋಯಿತು, ಅತ್ತೆ ಕಿರುಚಿದಳು. ಕೊನೆಯ ಹಾಡು ಶುರುವಾದಾಗ ಓರಗಿತ್ತಿ ನಗುತ್ತ ಹೇಳಿದಳು. “ಇವತ್ತು ನಿಮ್ಮ ತಂಗಿ ಕೂತಿದ್ದಾಳೆ ನೋಡಿ ದೊಡ್ಡಕ್ಕ. ಯಾವಾಗಲೂ ಈ ಹಾಡು ಬರೋ ಹೊತ್ತಿಗೆ ಕೆಳಗೆ ಕೆಲಸ ಇದೆ ಅಂತ ಎದ್ದು ಹೋಗಿಬಿಡ್ತಾಳೆ.”

ಅಕ್ಕನಿಗೆ ಅದು ಅರ್ಥವಾಗಲಿಲ್ಲ. ಹಾಡು ಏರಿತು, ಕೂಗು ಎದ್ದಿತು, ಅವಳ ಎರಡು ಬೆರಳು ತಾವಾಗಿಯೇ ಮೇಲೆದ್ದು ಮುಚ್ಚಿಕೊಂಡವು. ಹಾಡು ನಿಲ್ಲಲಿಲ್ಲ. ಕೂಗು ಉದ್ದಕ್ಕೆ ಹೋಯಿತು, ಅದರ ಹಿಂದೆಯೇ ಡ್ರಮ್ಮು, ಗಿಟಾರು. ಅಕ್ಕ ಎತ್ತಿದ ಬೆರಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಳು.

“ಇನ್ನೂ ತುಂಬಾ ಇದೆ ದೊಡ್ಡಕ್ಕ” ಎಂದಳು ಓರಗಿತ್ತಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ.

ತಂಗಿ ಎದ್ದು ಹೋಗಿ ರೆಕಾರ್ಡಿನ ಮೇಲಿನ ಮುಳ್ಳನ್ನು ಎತ್ತಿಬಿಟ್ಟಳು. ಹಾಡು ಅಲ್ಲೇ ನಿಂತಿತು.

“ಯಾಕೆ ಅಕ್ಕ, ಮುಗಿದಿಲ್ಲ” ಎಂದಳು ಓರಗಿತ್ತಿ.

“ನಮ್ಮನೇಲಿ ಇದು ಇಲ್ಲಿಗೇ ಮುಗಿಯೋದು” ಎಂದಳು ತಂಗಿ.

ತಂಗಿಯ ಮನೆ ಈ ಮಹಡಿಯ ಕೆಳಗೇ ಇತ್ತು. ಆದರೂ ಅವಳು ಹೇಳಿದ್ದು ಯಾವ ಮನೆಯೆಂದು ಅಕ್ಕನಿಗೆ ತಿಳಿಯಿತು. ಕಣ್ಣು ತುಂಬಿ ಬಂತು. ಹೊರಡುವಾಗ ಓರಗಿತ್ತಿಯ ಕೈ ಹಿಡಿದು, ಪರದೆ ಕಳಿಸಿಕೊಡು, ಅಂಚು ಸರಿಮಾಡಿ ಕೊಡುತ್ತೇನೆ ಎಂದಳು.

ತಂಗಿ ಬಸ್ಸು ನಿಲ್ಲುವ ಜಾಗದವರೆಗೆ ಬಂದಳು.

“ಮುಂದೆ ಇನ್ನೂ ಇದೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?” ಎಂದು ಕೇಳಿದಳು ಅಕ್ಕ.

“ಗೊತ್ತಿತ್ತು. ತುಂಬಿಸೋವಾಗ ಕ್ಯಾಸೆಟ್ ಮುಗಿದುಹೋಯ್ತು. ಹಾಡು ಮುಗಿಯೋ ತನಕ ಕೂತು ಕೇಳಿದ್ವಿ.”

“ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ಬೆರಳು ಎತ್ತುತ್ತಿರಲಿಲ್ಲ ಅಕ್ಕ.”

ಅಕ್ಕನ ಎದೆ ತಣ್ಣಗಾಯಿತು. ಲೋಕದಲ್ಲಿ ಇಂಥ ತಂಗಿ ಯಾರಿಗಿದ್ದಾಳೆ? ಬಸ್ಸು ಬಂತು. ಅಕ್ಕ ಹತ್ತಿ, ಕಿಟಕಿಯ ಪಕ್ಕ ಕೂತು, ತಂಗಿಯತ್ತ ಕೈಯನ್ನೂ ಬೀಸಿದಳು. ಬಸ್ಸು ಕದಲಿದ ಮೇಲೆ ಅವಳಿಗೆ ಹೊಳೆಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದಳು.

“ಏನೇ, ಕೇಳಿದ್ವಿ ಅಂದೆಯಲ್ಲ, ಜೊತೆಗೆ ಯಾರಿದ್ರು?”