ಹತ್ತೊಂಬತ್ತು ಸೆಕೆಂಡು

ಕಿವಿಯಕ್ಕನ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ನನ್ನನ್ನು ನಾನೇ ಸಮರ್ಥಿಸಿಕೊಂಡು ಎರಡು ಪುಟ ಗೀಚಿ ಹರಿದುಹಾಕಿದ್ದೇನೆ. ಈ ಸಲ ಹಾಗೆ ಮಾಡುವುದಿಲ್ಲ.

ಬೀಗದ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ತಯಾರಾದ ಬೀಗ ಪೆಟ್ಟಿಗೆ ಸೇರುವ ಮುಂಚೆ ಪರೀಕ್ಷೆಯ ಬೆಂಚಿಗೆ ಬರುತ್ತಿತ್ತು. ಅಲ್ಲಿ ಮೂವರು ಹೆಂಗಸರು, ಅವರಲ್ಲಿ ಕಿವಿಯಕ್ಕನೇ ಹಿರಿಯರು. ಕೀಲಿ ಹಾಕಿ, ಬೀಗವನ್ನು ಕಿವಿಗೆ ಹಿಡಿದು, ಮೂರು ಸಲ ತಿರುಗಿಸುತ್ತಿದ್ದರು. ಮೊದಲೆರಡು ಸಲ ಯಾವ ಬೀಗವಾದರೂ ಸಾಚಾನಂತೆ ನಟಿಸುತ್ತದೆ, ಮೂರನೆಯ ಸಲ ಅದರ ಬಣ್ಣ ಬಯಲಾಗುತ್ತದೆ ಎನ್ನುತ್ತಿದ್ದರು. ಒಳಗೆ ಸ್ಪ್ರಿಂಗು ಒಂದಿಷ್ಟು ತಡವರಿಸಿದರೂ ಸಾಕು, ಹುಬ್ಬು ಗಂಟಿಕ್ಕಿ ಅದನ್ನು ಎಡಗಡೆಯ ಟ್ರೇಗೆ ಹಾಕುತ್ತಿದ್ದರು. ಇಪ್ಪತ್ತೆಂಟು ವರ್ಷ ಇದೇ ಕೆಲಸ. ಪ್ರತಿ ಬೀಗದ ಚೀಟಿಯ ಮೇಲೂ ಪರೀಕ್ಷೆ ಮಾಡಿದವರ ನಂಬರು ಇರುತ್ತದೆ, ಅವರ ನಂಬರಿನ ಮೇಲೆ ಒಂದೇ ಒಂದು ದೂರು ಬಂದಿರಲಿಲ್ಲ. ತಮಾಷೆಯೆಂದರೆ, ಅವರ ಮನೆ ಬಾಗಿಲಿಗೆ ಮಾತ್ರ ಬೇರೆ ಕಂಪನಿಯ ಬೀಗ. "ದಿನಕ್ಕೆ ಎಂಟು ಗಂಟೆ ಇವುಗಳ ಗೋಳು ಕೇಳ್ತೀನಿ. ಮನೇಲೂ ಕೇಳ್ಬೇಕಾ?" ಎನ್ನುತ್ತಿದ್ದರು. ಮನೆಯಲ್ಲಿದ್ದದ್ದು ಅವರು ಮತ್ತು ನರ್ಸಿಂಗ್ ಓದುತ್ತಿದ್ದ ತಮ್ಮನ ಮಗಳು, ಇಬ್ಬರೇ.

ನಾನು ಅಲ್ಲಿಗೆ ಹೋದದ್ದು ಕಂಪನಿಯ ಲೀಡರ್‌ಶಿಪ್ ಪ್ರೋಗ್ರಾಮಿನ ಇಂಟರ್ನ್ ಆಗಿ. ನಾವು ಎಂಟು ಜನ, ಕೆಲಸ ಸಿಗುವುದು ಇಬ್ಬರಿಗೆ. ಒಬ್ಬೊಬ್ಬರೂ ಒಂದು ವಿಭಾಗದಲ್ಲಿ ಆರು ವಾರ ಇದ್ದು, ಕೊನೆಗೆ ನಿರ್ದೇಶಕರ ಮುಂದೆ ನಿಂತು ಅಲ್ಲಿನ ಕೆಲಸಕ್ಕೆ ಒಂದು ಸುಧಾರಣೆ ಸೂಚಿಸಬೇಕು. ಆರು ವಾರದ ಕೂಸು ಇಪ್ಪತ್ತೆಂಟು ವರ್ಷದವರನ್ನು ತಿದ್ದುವುದಕ್ಕೆ ನಾಯಕತ್ವ ಎಂದು ಹೆಸರು. ಆಗ ನನಗೆ ಇದರಲ್ಲಿ ನಗು ಬರುವಂಥದ್ದೇನೂ ಕಂಡಿರಲಿಲ್ಲ.

ಮೊದಲ ದಿನ ನೋಟ್‌ಬುಕ್ ಹಿಡಿದು ಬೆಂಚಿನ ಹಿಂದೆ ನಿಂತಿದ್ದೆ. "ಬಾ ಲೀಡರಮ್ಮ, ಪಕ್ಕದಲ್ಲಿ ಕೂತ್ಕೋ. ಹಿಂದೆ ನಿಂತ್ರೆ ನನ್ನ ಬೆನ್ನು ಕಡಿಯುತ್ತೆ," ಎಂದು ಕಿವಿಯಕ್ಕ ಜರುಗಿ ಜಾಗ ಕೊಟ್ಟರು. ನನ್ನ ಎತ್ತರದ ಚಪ್ಪಲಿ ನೋಡಿ, "ಈ ಸಿಮೆಂಟು ನೆಲದ ಮೇಲೆ ಇದನ್ನ ಹಾಕ್ಕೊಂಡು ಓಡಾಡಿದ್ರೆ ಸಂಜೆಗೆ ನಿನ್ನನ್ನ ಹೊತ್ಕೊಂಡು ಹೋಗ್ಬೇಕಾಗುತ್ತೆ," ಎಂದು ತಮ್ಮ ಹಳೆಯ ಜೋಡು ಕೊಟ್ಟರು. ಬೀಗ ಕೇಳುವುದನ್ನೂ ಕಲಿಸಿದರು. ನನಗೆ ಎಲ್ಲ ಬೀಗವೂ ಒಂದೇ ಥರ ಕೇಳುತ್ತಿತ್ತು.

ಐದನೆಯ ವಾರ ನಮ್ಮ ತರಬೇತಿಯ ಮ್ಯಾನೇಜರ್ ನನ್ನ ವರದಿಯನ್ನು ಬದಿಗೆ ತಳ್ಳಿದರು. "ಚೆಂದದ ಮಾತು ಬೇಡಮ್ಮ, ಒಂದು ನಂಬರ್ ತಗೊಂಡು ಬಾ."

ನನ್ನ ಹತ್ತಿರ ನಂಬರು ಇತ್ತು. ಒಂದು ವಾರ ಸದ್ದಿಲ್ಲದೆ ಎಣಿಸಿ ಬರೆದಿಟ್ಟಿದ್ದೆ: ಒಂದು ಬೀಗಕ್ಕೆ ಮೂವತ್ತೆರಡು ಸೆಕೆಂಡು. ಆ ವೇಗಕ್ಕೆ ಮೂವರೂ ಬೇಕು, ಅದರಿಂದ ಯಾವ ಸುಧಾರಣೆಯೂ ಹುಟ್ಟುತ್ತಿರಲಿಲ್ಲ. ಸೂಪರ್‌ವೈಸರ್ ಎದುರಿಗೆ ಒಂದು ದಿನ ಅಳೆದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂದೂ ನಿಯಮವಿತ್ತು. ಆ ಅಳತೆಯ ಹಿಂದಿನ ಸಂಜೆ ಕಿವಿಯಕ್ಕನಿಗೆ ವಿಷಯ ಹೇಳಿದೆ.

"ನಿನಗೆ ಮಾರ್ಕ್ಸ್ ಕೊಡೋದು ಇದಕ್ಕೇನಾ?"

"ಹೂಂ ಅಕ್ಕ."

"ಹಾಗಾದ್ರೆ ನೀನು ತಲೆ ಕೆಡಿಸ್ಕೋಬೇಡ, ನಾನು ನೋಡ್ಕೋತೀನಿ."

ಅವರು ಅದನ್ನು ನನ್ನ ಪರೀಕ್ಷೆ ಎಂದುಕೊಂಡಿದ್ದರು. ಅಳೆಯುವುದು ನಿಮ್ಮನ್ನೇ, ಆ ಅಳತೆ ನಿಮ್ಮ ಕೊರಳಿಗೇ ಬೀಳುತ್ತದೆ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಮರೆತೆ ಅಂತಲ್ಲ, ಬೇಕೆಂದೇ ಹೇಳಲಿಲ್ಲ.

ಮಾರನೆಯ ದಿನ ಅವರು ಕೈಗಡಿಯಾರ ಬಿಚ್ಚಿಟ್ಟು, ತೋಳೇರಿಸಿ ಕೂತರು. ನೀರಿಗೂ ಏಳಲಿಲ್ಲ. ಬೀಗವನ್ನು ಎರಡೇ ಸಲ ತಿರುಗಿಸುತ್ತಿದ್ದರು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿ, ಓರೆಗಣ್ಣಿನಲ್ಲಿ ನಕ್ಕರು. ಹತ್ತೊಂಬತ್ತು ಸೆಕೆಂಡು ಬಂತು. ಸೂಪರ್‌ವೈಸರ್‌ಗೇ ನಂಬಿಕೆಯಾಗಲಿಲ್ಲ. "ದಿನಾ ಹೀಗೇನಾ?" ಎಂದು ನನ್ನನ್ನು ಕೇಳಿದರು.

"ಹೀಗೇ ಸಾರ್, ಇದೇನು ಮಹಾ," ಎಂದರು ಕಿವಿಯಕ್ಕ, ನಾನು ಬಾಯಿ ತೆರೆಯುವ ಮೊದಲೇ. ನಾನು ಬರೆದುಕೊಂಡೆ.

ಮೂವರ ಕೆಲಸಕ್ಕೆ ಇಬ್ಬರು ಸಾಕು ಎಂಬ ನನ್ನ ಮಾತಿಗೆ ನಿರ್ದೇಶಕರು ಚಪ್ಪಾಳೆ ತಟ್ಟಿದರು. ಕೆಲಸ ಸಿಕ್ಕ ಇಬ್ಬರು ಇಂಟರ್ನ್‌ಗಳಲ್ಲಿ ನಾನೂ ಒಬ್ಬಳಾದೆ. ಕಿವಿಯಕ್ಕ ಬೆಂಚಿನವರಿಗೆಲ್ಲ ಚಹಾ ಕೊಡಿಸಿ, "ನಮ್ಮ ಹುಡುಗಿ ಪಾಸಾದ್ಲು" ಎಂದು ಹೇಳಿಕೊಂಡು ಓಡಾಡಿದರು.

ಮುಂದಿನ ತಿಂಗಳು ಬೆಂಚಿನ ಮೇಲಿನ ಗೋಡೆಗೆ '19' ಎಂದು ದಪ್ಪಕ್ಷರದಲ್ಲಿ ಅಂಟಿಸಿದರು. ಮೂವರಲ್ಲಿ ಒಬ್ಬರನ್ನು ಬೇರೆ ವಿಭಾಗಕ್ಕೆ ಕಳಿಸಿದರು. ಹತ್ತೊಂಬತ್ತರಲ್ಲಿ ಮೂರನೆಯ ಸಲ ತಿರುಗಿಸಲು ಹೊತ್ತೆಲ್ಲಿಂದ ಬರಬೇಕು? ಕೆಟ್ಟ ಬೀಗಗಳು ಒಳ್ಳೆಯವುಗಳ ಜೊತೆ ಹೊರಬಿದ್ದವು. ಜನ ತಮ್ಮ ಮನೆ ಬಾಗಿಲ ಹೊರಗೇ ಸಿಕ್ಕಿಹಾಕಿಕೊಂಡರು. ಮೂರು ತಿಂಗಳಲ್ಲಿ ಕಿವಿಯಕ್ಕನ ನಂಬರಿನ ಮೇಲೆ ನಲವತ್ತು ದೂರು ಬಂದವು. ವಿಚಾರಣೆ ನಡೆದು, ಅವರನ್ನು ನೆಲಮಾಳಿಗೆಯಲ್ಲಿ ರಟ್ಟಿನ ಪೆಟ್ಟಿಗೆ ಮಡಿಸುವ ಕೆಲಸಕ್ಕೆ ಹಾಕಿದರು.

ಆ ಆದೇಶದ ಕಾಗದ ನನ್ನ ಮೇಜಿನ ಮೇಲಿಂದಲೇ ಹೋಯಿತು. ಡ್ರಾಯರಿನಲ್ಲಿ ನನ್ನ ನೋಟ್‌ಬುಕ್ ಇತ್ತು, ಅದರಲ್ಲಿ ಮೂವತ್ತೆರಡು ಇತ್ತು. ಮ್ಯಾನೇಜರಿಗೆ ಮೇಲ್ ಬರೆದೆ, ಅಳಿಸಿದೆ. ನನ್ನ ಕೆಲಸ ಕಾಯಂ ಆಗಲು ಇನ್ನೂ ಒಂದು ತಿಂಗಳಿತ್ತು. ಕಾಯಂ ಆದ ಮೇಲೆ ಹೇಳೋಣ ಎಂದುಕೊಂಡೆ. ಆದ ಮೇಲೆ, ಇನ್ನು ಹೇಳಿ ಏನು ಪ್ರಯೋಜನ ಎಂದುಕೊಂಡೆ. ನನ್ನ ಹೇಡಿತನಕ್ಕೆ ಯಾವತ್ತೂ ಕಾರಣಗಳ ಬರ ಬಂದಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ನೆಲಮಾಳಿಗೆಗೆ ಇಳಿದುಹೋದೆ. ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ಒಂದು ರೀತಿಯಲ್ಲಿ ಅವರು ಬೈಯಲಿ ಎಂದೇ ಹೋಗಿದ್ದೆ. ಪೆಟ್ಟಿಗೆಗಳ ರಾಶಿಯ ಹಿಂದಿನಿಂದ ಕಿವಿಯಕ್ಕ ಎದ್ದು ಬಂದು, ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು.

"ಬೇಜಾರು ಮಾಡ್ಕೋಬೇಡ ಕಣೇ," ಎಂದರು. "ಅಷ್ಟು ಜನ ದೊಡ್ಡವರ ಮುಂದೆ ನೀನು ಹತ್ತೊಂಬತ್ತು ಅಂತ ಹೇಳಿದ್ದೆ. ನನ್ನ ಕೈಲಿ ಅದನ್ನ ಉಳಿಸ್ಕೊಳ್ಳೋಕೆ ಆಗ್ಲಿಲ್ಲ."

ಅವರು ನನ್ನ ಕೈ ಬಿಡಲಿಲ್ಲ.

"ವಿಚಾರಣೇಲಿ ಕೇಳಿದ್ರು, ಆವತ್ತು ಆ ಹುಡುಗಿ ಸರಿಯಾಗಿ ಅಳೆದಿದ್ಳಾ ಅಂತ. ಅವಳು ಸರಿಯಾಗೇ ಅಳೆದ್ಳು, ನನಗೇ ವಯಸ್ಸಾಯ್ತು ಅಂದ್ಬಿಟ್ಟೆ." ಯಾರಾದರೂ ಕೇಳಿಸಿಕೊಂಡಾರು ಎಂದು ಸುತ್ತ ನೋಡಿ ದನಿ ತಗ್ಗಿಸಿದರು. "ನಿನ್ನ ಮೇಲೇನೂ ಬರ್ಲಿಲ್ಲ ತಾನೆ?"

"ಇಲ್ಲ ಅಕ್ಕ," ಎಂದೆ.

"ಸದ್ಯ," ಎಂದು ಅವರು ಉಸಿರುಬಿಟ್ಟು, ಹೋಗಿ ಕೂತು, ಮುಂದಿನ ಪೆಟ್ಟಿಗೆ ಎತ್ತಿಕೊಂಡರು.